ಹಸು ಅಲುಗಾಡಬಾರದು

ಅತಿಥಿ ಶಿಕ್ಷಕಿಯನ್ನು ಬರುವ ವರ್ಷಕ್ಕೂ ಇಟ್ಟುಕೊಳ್ಳಬೇಕೋ ಬೇಡವೋ ಎಂದು ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಹೇಳದೆ ಕೇಳದೆ ಮೂರನೇ ತರಗತಿಗೆ ಬಂದರು. ಕುರ್ಚಿ ಖಾಲಿ. ನೆಲದ ಮೇಲೆ ಯಾರೋ ಕಂಬಳಿ ಮುಸುಕು ಹಾಕಿಕೊಂಡು ಮಲಗಿದ್ದಾರೆ. ಮಕ್ಕಳೆಲ್ಲ ತೋಳು ಚಾಚಿ ಸುತ್ತಲೂ ತಿರುಗುತ್ತಿದ್ದಾರೆ.

"ನಿಮ್ ಟೀಚರ್ ಎಲ್ರೋ?"

"ಸತ್ತೋಗವ್ರೆ ಸಾ," ಎಂದಳು ಎರಡು ಜಡೆಯ ಚೆಲುವಿ. "ಅವ್ರು ಹಸು, ನಾವು ರಣಹದ್ದು."

"ಏಳಕ್ಕೆ ಹೇಳು."

"ಅಯ್ಯೋ, ಬ್ಯಾಡಿ ಸಾ! ಹಸು ಅಲುಗಾಡುದ್ರೆ ನಾವೆಲ್ಲ ಸೋತಂಗೆ!"

ಕಂಬಳಿಯೊಳಗೆ ಟೀಚರ್‌ಗೆ ಎಲ್ಲ ಕೇಳಿಸುತ್ತಿತ್ತು. ಎದ್ದರೆ ಮಕ್ಕಳು ಸೋಲುತ್ತಾರೆ, ಮಲಗಿದ್ದರೆ ಕೆಲಸ ಹೋಗುತ್ತದೆ. ಆದರೂ ಅಲುಗಾಡಲಿಲ್ಲ.

"ಸರಿ, ರಣಹದ್ದಿನ ತಲೆ ಯಾಕೆ ಬೋಳು?"

"ಸತ್ತ ದನದ ಹೊಟ್ಟೆಯೊಳಕ್ಕೆ ತಲೆ ಹಾಕಿ ತಿಂತದಲ್ಲ ಸಾ, ಗಲೀಜು ಅಂಟ್ಕಬಾರ್ದು ಅಂತ," ಎನ್ನುತ್ತ ಚೆಲುವಿ ಸಾಹೇಬರ ಬೋಳುತಲೆಯನ್ನೇ ನೋಡಿದಳು.

"ವರ್ಷಕ್ಕೆ ಎಷ್ಟು ಮೊಟ್ಟೆ?"

"ಒಂದೇ ಒಂದು!" ಇಡೀ ತರಗತಿ ಕೂಗಿತು.

"ಮತ್ತೆ ತಿನ್ರಲ್ಲ, ಯಾಕೆ ಬರೀ ಸುತ್ತುತಾ ಇದ್ದೀರಿ?"

"ಸಾಯಕ್ ಮುಂಚೆ ಈ ಹಸೂಗೆ ನೋವು ಹೋಗೋ ಸೂಜಿ ಚುಚ್ಚವ್ರಾ ಅಂತ ಗೊತ್ತಿಲ್ಲ ಸಾ. ಅಂಥ ಕೆಲವು ಸೂಜಿ ಚುಚ್ಚಿದ್ರೆ, ಆ ಹಸೂನ ತಿಂದ ಹದ್ದೂ ಸಾಯ್ತದೆ."

ಸಾಹೇಬರು ಮುಖ್ಯೋಪಾಧ್ಯಾಯರ ಕೋಣೆಗೆ ಹೊರಟರು. ಆಟ ಮುಗಿದ ಮೇಲೆ ಟೀಚರ್ ಕಂಬಳಿ ಎಸೆದು ಓಡಿ ಬರುವಷ್ಟರಲ್ಲಿ ಜೀಪು ಗೇಟು ದಾಟಿತ್ತು. ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಭೇಟಿ ಪುಸ್ತಕ ತೆರೆದೇ ಇತ್ತು:

"ತರಗತಿಯಲ್ಲಿ ಶಿಕ್ಷಕಿ ಕಾಣಲಿಲ್ಲ. ಹಸು ಚೆನ್ನಾಗಿ ಪಾಠ ಮಾಡಿದೆ. ಬರುವ ವರ್ಷಕ್ಕೂ ಅದನ್ನೇ ಇಟ್ಟುಕೊಳ್ಳುವುದು."