ದೇವರ ಕೋಣೆಯಿಂದ ಹೊರಬಂದ ಫೋಟೋ

ಈಗಲೂ ತಂಬಾಕಿನ ಘಾಟು ಮೂಗಿಗೆ ಬಡಿದರೆ ನಿಪ್ಪಾಣಿಯ ನಮ್ಮ ಅಂಗಳದ ಆ ಮಧ್ಯಾಹ್ನ ಕಣ್ಣಮುಂದೆ ಬರುತ್ತದೆ. ಓಣಿಯ ಹೆಂಗಸರು ಮೊರಗಳನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಅದೇ ಓಣಿಯ ಶಾಂತಕ್ಕನೂ ಮೊರ ಹಿಡಿದು ಬಂದಳು. ಊರೇ ಕೈಮುಗಿಯುತ್ತಿದ್ದ ಭಜನೆಯ ಮಾಸ್ತರರು ತನ್ನ ಮೇಲೆ ಬಲಾತ್ಕಾರ ಮಾಡಿದರೆಂದು ಅವಳು ಹಿಂದಿನ ವಾರವಷ್ಟೇ ಪೊಲೀಸರಿಗೆ ದೂರು ಕೊಟ್ಟಿದ್ದಳು.

ಅವಳು ಕುಳಿತದ್ದೇ, ಓಣಿಯವರೆಲ್ಲ ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದ ಪಕ್ಕದ ಮನೆಯವಳು ದೂರ ಸರಿದಳು. "ದೇವರಂಥಾ ಮನಷ್ಯಾನ ಮ್ಯಾಲ ಹಿಂಗ ಹೇಳಾಕ ನಾಚಿಕಿ ಬರೂದಿಲ್ಲೇನ ನಿನಗ?"

ಶಾಂತಕ್ಕ ಬೀಡಿಯ ಎಲೆ ಕತ್ತರಿಸುತ್ತಲೇ ಹೇಳಿದಳು. "ಮಾಡಿದಾವಗ ಬರಲಿಲ್ರಿ ವೈನಿ, ನನಗ್ಯಾಕ ಬರಬೇಕ?"

ಹೆಂಗಸರು ಒಬ್ಬೊಬ್ಬರೇ ಏಳತೊಡಗಿದರು. ನನ್ನ ಅಜ್ಜಿಯೂ ಎದ್ದು ಒಳಗೆ ಹೋದಳು. ಅವಳಿಗೂ ಮಾಸ್ತರರೆಂದರೆ ಭಕ್ತಿ. ದೇವರ ಕೋಣೆಯಲ್ಲಿ ಅವರ ಫೋಟೋ ಇಟ್ಟು ದಿನಾ ಕುಂಕುಮ ಹಚ್ಚುತ್ತಿದ್ದಳು. ಅದನ್ನೇ ತಂದು ವೈನಿಯ ಮೊರದಲ್ಲಿಟ್ಟಳು.

"ನಿನಗ ಬೇಕಾದ್ರ ಒಯ್ಯಿ. ನನ್ನ ಮನ್ಯಾಗ ಇವಗ ಜಾಗಾ ಇಲ್ಲ. ಶಾಂತಾ, ನೀ ಏಳಬ್ಯಾಡ."

ಅಂಗಳ ಖಾಲಿಯಾಯಿತು. ಅಜ್ಜಿ ನನ್ನನ್ನು ಕರೆದು ಶಾಂತಕ್ಕನ ಮಗ್ಗುಲಲ್ಲೇ ಕೂರಿಸಿದಳು.

ಮಾಸ್ತರರಿಗೆ ಆಮೇಲೂ ಹಾರಗಳು ಬೀಳುತ್ತಲೇ ಇದ್ದವು. ಕೋರ್ಟಿನ ಬಾಗಿಲಲ್ಲಿ ಜನ ಶಾಂತಕ್ಕನನ್ನು ಬಾಯಿಗೆ ಬಂದಂತೆ ಬೈದರು. ಅವಳು ಅಜ್ಜಿಯ ಕೈ ಹಿಡಿದು ಅವರ ನಡುವೆಯೇ ಒಳಗೆ ಹೋಗುತ್ತಿದ್ದಳು. ಒಂದು ತಾರೀಖನ್ನೂ ತಪ್ಪಿಸಲಿಲ್ಲ.