ಒಂದೇ ಕುರ್ಚಿ, ಎರಡು ಲೆಕ್ಕ

"ನೀವು ಬರಲಿಲ್ಲಂದ್ರ ಸಮಾನತೆ ನಿಂತಬಿಡತೈತ್ರೀ ಮೇಡಂ!" ಸಕ್ಕರೆ ಕಾರ್ಖಾನೆಯ ಸಿಬ್ಬಂದಿ ಆಫೀಸಿನ ಪರಮೇಶ ಕಬ್ಬಿಣದ ಮೆಟ್ಟಿಲ ಮೇಲಿಂದಲೇ ಕೂಗಿದ. "ಪುಣೆಯಿಂದ ಹೊಸ ಮಾಲಕರ ಮಂದಿ ಬಂದು ಪೆಂಡಾಲಿನ್ಯಾಗ ಕುಂತಾರ. ಒಂದು ಫೋಟೋ ಅಷ್ಟ. ಹಿಂಗ ಹೋಗಿ ಹಿಂಗ ಬಂದ್ರಾತು."

ಸಂಧ್ಯಾ ತಿರುಗಲಿಲ್ಲ. ಗಾಜಿನ ಪಟ್ಟಿಗೆ ಬಿಸಿ ಪಾಕ ಸವರಿ ಬಲ್ಬಿನ ಬೆಳಕಿಗೆ ಹಿಡಿದಿದ್ದಳು. ಸಕ್ಕರೆಯ ಹರಳು ಆಗತಾನೆ ಕಣ್ಣು ಬಿಟ್ಟಿತ್ತು. ಇನ್ನು ಪ್ಯಾನೆಂಬ ಆ ದೊಡ್ಡ ಹಂಡೆಗೆ ಸ್ವಲ್ಪ ಸ್ವಲ್ಪವೇ ಪಾಕ ಬಿಡುತ್ತ, ಉಗಿ ನೋಡಿಕೊಳ್ಳುತ್ತ ಹರಳನ್ನು ಬೆಳೆಸಿ, ಹದವಾದ ಮೇಲೆ ಕೆಳಗಿಳಿಸಬೇಕು. ಹಸುಗೂಸಿನ ಹಾಗೆ, ಬಿಟ್ಟು ಏಳುವಂತಿಲ್ಲ. "ಒಂದು ಪ್ಯಾನು ಒಬ್ಬಾಕೀನ ಇಳಿಸಿ ತೋರಸ್ರಿ, ಮುಂದಿನ ಸೀಜನ್ನಿಗೆ ಪ್ಯಾನ್ ಇನ್‌ಚಾರ್ಜ್ ಮಾಡತೇನಿ" ಎಂದು ಮ್ಯಾನೇಜರ್ ರಾಮಲಿಂಗಪ್ಪ ಮಾತು ಕೊಟ್ಟಿದ್ದರು. ಆ ಪರೀಕ್ಷೆ ಇವತ್ತೇ.

"ಇವತ್ತೊಂದಿನ ಬಿಡೋ ಪರಮೇಶ. ಮೊನ್ನಿ ಕ್ಯಾಂಟೀನ್ ಕಮಿಟಿ, ನಿನ್ನಿ ಆಟದ ಕಮಿಟಿ. ನಾ ಇಲ್ಲಿ ಕೆಲಸಕ್ಕ ಸೇರೇನೋ, ಕುರ್ಚಿ ಕಾಯಾಕ ಸೇರೇನೋ?"

"ನಾ ಏನ್ ಮಾಡ್ಲಿರೀ? ಎಲ್ಲಾ ಕಮಿಟಿಯೊಳಗೂ ಎಲ್ಲಾ ಥರದ ಮಂದಿ ಇರಬೇಕಂತ ಮ್ಯಾಲಿಂದ ಆರ್ಡರ್ ಐತಿ. ಹಂಗ ಮಾಡಿದ್ರ ಕೆಲಸ ಸುಧಾರಸ್ತೈತಂತ."

ಹೊಸ ಮಾಲೀಕರ ಆ ನೀತಿಯನ್ನು ರಾಮಲಿಂಗಪ್ಪ ಬಹಳ ಮಿತವ್ಯಯದಿಂದ ಜಾರಿಗೆ ತಂದಿದ್ದರು. ಸಂಧ್ಯಾಳನ್ನು ಕೂಡಿಸಿದರೆ ಹೆಣ್ಣಿನ ಲೆಕ್ಕವೂ ಆಯಿತು, ಎಸ್‌ಸಿ ಲೆಕ್ಕವೂ ಆಯಿತು. ಒಂದೇ ಕುರ್ಚಿ, ಎರಡು ಲೆಕ್ಕ. ಚಹಾ ಕೂಡ ಒಂದೇ ಕಪ್ಪು. ಹೀಗಾಗಿ ಕ್ಯಾಂಟೀನಿನ ಉಪ್ಪಿಟ್ಟಿನಿಂದ ಹಿಡಿದು ವಾಲಿಬಾಲಿನ ನೆಟ್ಟಿನವರೆಗೆ ಕಾರ್ಖಾನೆಯಲ್ಲಿ ಯಾವುದೂ ಆಕೆಯನ್ನು ಕೂಡಿಸಿಕೊಳ್ಳದೆ ತೀರ್ಮಾನವಾಗುತ್ತಿರಲಿಲ್ಲ. ಕೂಡಿಸಿಕೊಳ್ಳುತ್ತಿದ್ದರು, ಅಷ್ಟೆ. ಕೇಳುವ ರೂಢಿ ಇರಲಿಲ್ಲ.

ಪರಮೇಶನ ಕೈಯ ಮೊಬೈಲು ಹೊಡೆದುಕೊಂಡಿತು. ಆತ ಅದನ್ನು ಆಕೆಯ ಕಿವಿಗೇ ಹಿಡಿದ. ರಾಮಲಿಂಗಪ್ಪನವರ ದನಿ ಹೊರಗೂ ಕೇಳಿಸುವಷ್ಟಿತ್ತು. "ಇದು ವಿನಂತಿ ಅಲ್ಲರೀ, ಆರ್ಡರ್!"

ಸಂಧ್ಯಾ ಸ್ಟೂಲಿನ ಮೇಲೆ ಕುಳಿತಿದ್ದ ಹಳೆಯ ಪ್ಯಾನ್‌ಮನ್ ಅಪ್ಪಾಸಾಬನ ಕಡೆ ನೋಡಿದಳು. ಹೆಣ್ಣುಮಗಳು ತನ್ನ ಪ್ಯಾನು ಹತ್ತುವುದಕ್ಕೆ ಮೊದಮೊದಲು ಮುಖ ಸಿಂಡರಿಸಿದ್ದವನೂ ಅವನೇ, ಆಮೇಲೆ ಕೈಹಿಡಿದು ಕಲಿಸಿದವನೂ ಅವನೇ.

"ಕಾಕಾ, ನಾ ಬರೂತನಾ ಚೂರು ನೋಡಕೋರಿ."

"ನೋಡತೇನಿ. ಮುಟ್ಟೂದಿಲ್ಲ." ಪ್ಯಾನಿನವರಲ್ಲಿ ಅದೊಂದು ಕಟ್ಟುನಿಟ್ಟು: ಹರಳು ಕೂಡಿಸಿದವರೇ ಇಳಿಸಬೇಕು, ನಡುವೆ ಇನ್ನೊಬ್ಬರ ಕೈ ಬೀಳಬಾರದು. "ನಾ ಒಮ್ಮಿ ವಾಲ್ವಿನ ಗಾಲಿ ತಿರುವಿದೆ ಅಂದ್ರ ಮುಗೀತು ನಿನ್ನ ಕಥಿ. ಇಳಿಸಿದಾಂವ ಅಪ್ಪಾಸಾಬ, ಮೇಡಂ ಬರೇ ನಿಂತಿದ್ರು ಅಂತಾರ. ಲಗೂನ ಬಾ ಬೇ ತಂಗಿ."

ಪೆಂಡಾಲಿನಲ್ಲಿ ಲಗೂನ ಎಂಬುದೇ ಇರಲಿಲ್ಲ. ಮೊದಲು ಸ್ವಾಗತ, ಆಮೇಲೆ ಹಾರ, ಆಮೇಲೆ ಸಂಧ್ಯಾಳಿಗೆ ಜರಿಯಂಚಿನ ಶಾಲು. "ಎಲ್ಲರೂ ಕೂಡಿದರೆ ಕೆಲಸ ಹೇಗೆ ಸುಧಾರಿಸುತ್ತದೆ ಎಂಬುದಕ್ಕೆ ನಮ್ಮ ಸಂಧ್ಯಾ ಅವರೇ ಸಾಕ್ಷಿ" ಎಂದರು ರಾಮಲಿಂಗಪ್ಪ. ಅದನ್ನೇ ಇನ್ನೂ ಹಲವು ಥರದಲ್ಲಿ ಅಂದರು. ಪೆಂಡಾಲಿನ ಅಂಚಿಗೆ ಅಪ್ಪಾಸಾಬ ಬಂದು ನಿಂತು, ಗಾಳಿಯಲ್ಲೇ ಗಾಲಿ ತಿರುವಿದಂತೆ ಕೈ ಆಡಿಸಿ ಕರೆದ. ಸಂಧ್ಯಾ ಅರ್ಧ ಎದ್ದಳು. ರಾಮಲಿಂಗಪ್ಪ ಅತಿಥಿಗಳತ್ತ ನಗುತ್ತಲೇ, ತುಟಿಯಂಚಿನಿಂದ, "ಕೂಡ್ರಿ! ವಂದನಾರ್ಪಣೆ ಆಗೂತನಾ ಏಳಬ್ಯಾಡ್ರಿ" ಎಂದರು. ವಂದನಾರ್ಪಣೆಯೂ ಆಕೆಯ ಪಾಲಿಗೇ ಬಂದಿತ್ತು.

ಆಕೆ ಶಾಲು ಹೊದ್ದಂತೆಯೇ ಮೆಟ್ಟಿಲು ಓಡಿ ಹತ್ತಿದಾಗ ಅಪ್ಪಾಸಾಬ ಎರಡೂ ಕೈಯನ್ನು ಕಂಕುಳಲ್ಲಿ ಬಿಗಿಯಾಗಿ ಸಿಗಿಸಿಕೊಂಡು ಕುಳಿತಿದ್ದ. "ಗಾಲಿ ಮುಟ್ಟಬೇಕಂತ ಕೈ ತುಡೀತಿತ್ತು ತಂಗಿ. ಅದಕ್ಕ ಹಿಂಗ ಕಟ್ಟಿ ಕುಂತೆ" ಎಂದ, ಆಕೆಯ ಮುಖ ನೋಡದೆ.

ಪಾಕ ಸವರಿ ನೋಡಿದರೆ ಗಾಜಿನ ಪಟ್ಟಿಯ ಮೇಲೆ ಹರಳಿರಲಿಲ್ಲ, ಧೂಳಿನಂಥ ಪುಡಿಯಿತ್ತು. ಪಾಕವೆಲ್ಲ ಆರಿದ ಬೆಲ್ಲದಂತೆ ಗಟ್ಟಿಯಾಗತೊಡಗಿತ್ತು.

ಅತಿಥಿಗಳಿಗೆ ಕಾರ್ಖಾನೆ ತೋರಿಸುತ್ತ ಬಂದ ರಾಮಲಿಂಗಪ್ಪ, ಅವರನ್ನು ಕೆಳಗೆ ನಿಲ್ಲಿಸಿ, ಫೋಟೋದವನೊಂದಿಗೆ ಮೇಲೆ ಬಂದರು. ಪ್ಯಾನಿನ ಕಿಂಡಿಯಲ್ಲಿ ಇಣುಕಿದರು.

"ಕೆಡಿಸಿದ್ರಲ್ಲಾ! ನಾ ಮೊದಲ ಹೇಳಿದ್ದೆ, ಇದು ಹೆಣ್ಣಮಕ್ಕಳ ಕೈಲೆ ಆಗೂ ಕೆಲಸ ಅಲ್ಲ. ಇರ್ಲಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಪ್ಯಾನು ಯಾಕ ಕೆಡತಾವು ಅನ್ನೂದಕ್ಕ ಒಂದು ಕಮಿಟಿ ಮಾಡೂಣು. ಅದರಾಗೂ ನಿಮ್ಮನ್ನ ಹಾಕತೇನಿ."

"ಯಾಕ ಕೆಟ್ಟೈತಿ ಅಂತ ಈಗ ಹೇಳಲೇನ್ರಿ ಸಾಹೇಬ್ರ?"

"ಮೀಟಿಂಗಿನ್ಯಾಗ ಹೇಳ್ರಿ. ಈಗ ಇಲ್ಲೊಂದು ಫೋಟೋ ಆಗ್ಲಿ. ಶಾಲು ಸರಿ ಮಾಡ್ಕೋರಿ."

ಸಂಧ್ಯಾ ಶಾಲು ತೆಗೆದಳು. ಅದನ್ನು ಮಡಚಿ, ಕಾದು ಕೆಂಡವಾಗಿದ್ದ ಉಗಿಯ ವಾಲ್ವಿನ ಗಾಲಿಗೆ ಸುತ್ತಿ, ಎರಡೂ ಕೈಯಿಂದ ಹಿಡಿದು ತಿರುವತೊಡಗಿದಳು. ಕೆಟ್ಟದ್ದನ್ನೆಲ್ಲ ಕರಗಿಸಿ ಮೊದಲಿನಿಂದ ಹರಳು ಕೂಡಿಸಬೇಕಿತ್ತು. ಫೋಟೋದವನು ಆಕೆಯ ಮುಖ ಈ ಕಡೆ ತಿರುಗಲೆಂದು ಕ್ಯಾಮೆರಾ ಎತ್ತಿಕೊಂಡೇ ನಿಂತಿದ್ದ. ಅಪ್ಪಾಸಾಬ ಕಂಕುಳಿಂದ ಕೈ ತೆಗೆದು ಗಾಜಿನ ಪಟ್ಟಿಯನ್ನು ತನ್ನ ಧೋತರದ ಚುಂಗಿನಿಂದ ಒರೆಸಿ ಆಕೆಯ ಪಕ್ಕದಲ್ಲಿಟ್ಟ. ಪ್ಯಾನ್ ಕಟ್ಟೆಯ ತುಂಬ ಜರಿ ಸುಟ್ಟ ವಾಸನೆ ಏಳತೊಡಗಿತು.