ಟ್ರೂಡಿ ಬರೆದ ಸಾಲು

ಮುಚ್ಚಿದ ಲ್ಯಾಪ್‌ಟಾಪ್ ತೆರೆದರೆ ಏಳಲೇ ಇಲ್ಲ. ಡೆಸ್ಮಂಡ್ ಆರನೆಯ ಸಲ ಮುಚ್ಚಿ ತೆರೆದ. ಊಹೂಂ. ಪರದೆ ಕಪ್ಪಗೆ ಕೂತಿತ್ತು. ಮೂರು ವಾರದಿಂದ ಇದೇ ಗೋಳು.

ಜಗತ್ತಿನ ಮುನ್ನೂರು ಮಂದಿ ಸೇರಿ ಬರೆಯುವ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ಆಪರೇಟಿಂಗ್ ಸಿಸ್ಟಮ್ ಆ ಲ್ಯಾಪ್‌ಟಾಪಿನದು. ಅವರವರ ತಿದ್ದುಪಡಿ ಅವರವರ ಶಾಖೆಯಲ್ಲಿ, ಅಂದರೆ ಅವರದೇ ಬೇರೆ ಪ್ರತಿಯಲ್ಲಿ. ಅಷ್ಟನ್ನೂ ದಿನಾ ಬೆಳಿಗ್ಗೆ ಹೋಬಾರ್ಟಿನ ತನ್ನ ಅಡುಗೆಮನೆಯ ಮೇಜಿನ ಮೇಲೆ ಕೂಡಿಸಿ ನೋಡುವುದು ಡೆಸ್ಮಂಡನ ಕೆಲಸ. ಇಬ್ಬರು ಒಂದೇ ಜಾಗವನ್ನು ಎರಡು ಥರ ತಿದ್ದಿದ್ದರೆ ಯಾವುದು ಉಳಿಯಬೇಕೆಂದು ಅವನೇ ತೀರ್ಮಾನಿಸಬೇಕು. ಹದಿನೇಳು ವರ್ಷದಿಂದ ಅವನ ಮಾತಿಗೆ ಎದುರಾಡಿದವರಿಲ್ಲ.

ಈ ಸಲದ ಪೀಕಲಾಟ ಟ್ರೂಡಿಯ ಶಾಖೆಯದು. ಬಲ್ಲರಾಟ್‌ನ ಹುಡುಗಿ, ಎಂಟು ತಿಂಗಳು ಕೂತು ಬರೆದ ಮೊದಲ ಕೆಲಸ. ಅದೊಂದನ್ನೇ ಹಾಕಿದರೆ ಲ್ಯಾಪ್‌ಟಾಪ್ ಸಲೀಸಾಗಿ ಏಳುತ್ತದೆ. ಎಲ್ಲರದರ ಜೊತೆ ಸೇರಿಸಿದರೆ ಏಳುವುದಿಲ್ಲ. ಅವಳದನ್ನು ಮಾತ್ರ ತೆಗೆದರೆ ಮತ್ತೆ ಏಳುತ್ತದೆ. ಇದೆಂಥ ಕರ್ಮವಪ್ಪಾ! ತಲೆಬುಡ ತಿಳಿಯದೆ ರೋಸಿಹೋಗಿ, ಬೆಳಿಗ್ಗೆಯೇ ಮುನ್ನೂರು ಮಂದಿಗೂ ಕಾಣುವಂತೆ ಪತ್ರ ಹಾಕಿದ್ದ: "ಟ್ರೂಡಿಯ ಶಾಖೆಯಲ್ಲಿ, ಎಬ್ಬಿಸುವ ಭಾಗದಲ್ಲೇ ದೋಷವಿದೆ. ಸಂಜೆಯೊಳಗೆ ಸರಿಹೋಗದಿದ್ದರೆ ಈ ಸಲದ ಬಿಡುಗಡೆಯಲ್ಲಿ ಅದಿರುವುದಿಲ್ಲ." ಮುಂದಿನ ಬಿಡುಗಡೆ ಇನ್ನು ಹತ್ತು ವಾರಕ್ಕೆ.

ಹೆಂಡತಿ ನೋಲೀನ್ ಚಹಾ ತಂದಿಟ್ಟಳು. ಒಂದು ಗುಟುಕು ಕುಡಿದು ಅವನು ಮುಖ ಕಿವುಚಿದ.

"ಹಾಲೇ ಹಾಕಿಲ್ವಲ್ಲೇ."

"ನೀನೇ ತಾನೆ ಬೇಡ ಅಂದಿದ್ದು?"

"ನಾನಾ? ಯಾವಾಗ?"

"ಮೂರು ವಾರ ಆಯ್ತು. ಹೊಟ್ಟೆ ಸರಿಯಿಲ್ಲ ಅಂದೆ. ಅವತ್ತಿಂದ ಹಾಕ್ತಿಲ್ಲ. ಇಷ್ಟು ದಿನ ಪರದೆ ನೋಡ್ಕೊಂಡು ಗಟಗಟ ಕುಡಿದ್ಯಲ್ಲ, ಇವತ್ತೇನು ನಾಲಿಗೆಗೆ ರುಚಿ ಬಂತು?"

"ಅದು ಅವತ್ತೊಂದಿನಕ್ಕೆ ಕಣೇ."

"ಹಾಗಂತ ಹೇಳಿದ್ಯಾ?"

ಮೂರು ವಾರ. ಡೆಸ್ಮಂಡ್ ಕಪ್ಪು ಕೆಳಗಿಟ್ಟ. ಅವನು ಒಮ್ಮೆ ಕೊಟ್ಟ ತೀರ್ಪನ್ನು ಯಂತ್ರ ನೆನಪಿಟ್ಟುಕೊಂಡು, ಮತ್ತೆ ಕೇಳದೆ, ದಿನಾ ಅದನ್ನೇ ಜಾರಿ ಮಾಡುತ್ತದೆ. ಕೆಲಸ ಹಗುರಾಗಲಿ ಎಂದು ಅವನೇ ಮಾಡಿಟ್ಟ ಏರ್ಪಾಡು. ಗಡಬಡಿಸಿ ಹಳೆಯ ತೀರ್ಪುಗಳನ್ನು ಕೆದಕಿದ. ಹೊಟ್ಟೆ ಕೆಟ್ಟಿದ್ದ ಆ ದಿನ, ಅವಸರದಲ್ಲಿ, ಇನ್ನೊಬ್ಬರ ತಿದ್ದುಪಡಿ ಉಳಿಸಿ, ಟ್ರೂಡಿಯ ಪ್ರೋಗ್ರಾಮಿನ ಒಂದು ಸಾಲನ್ನು ತಾನೇ ಕಿತ್ತುಹಾಕಿದ್ದ. ಲ್ಯಾಪ್‌ಟಾಪನ್ನು ಎಬ್ಬಿಸುವ ಸಾಲೇ ಅದು. ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿತು ಅವನಿಗೆ.

ಫೋನ್ ಮಾಡಿದ.

"ಟ್ರೂಡಿ, ನಿನ್ನದೇನೂ ತಪ್ಪಿಲ್ಲಮ್ಮ. ನಂದೇ. ಎಬ್ಬಿಸೋ ಸಾಲನ್ನ ನಾನೇ ತೆಗೆದುಬಿಟ್ಟಿದ್ದೆ. ಎಲ್ಲರಿಗೂ ಈಗಲೇ ಬರೀತೀನಿ."



"ಆ ಸಾಲಾ?" ಎಂದಳು ಟ್ರೂಡಿ. "ಅದನ್ನ ನಾನೂ ಈಗಷ್ಟೇ ಅಳಿಸ್ದೆ."

"ಯಾಕೆ? ಸರಿಯಾಗೇ ಇತ್ತಲ್ಲ."

"ಸರಿ ಇದೆ ಅಂತ ಗೊತ್ತಿತ್ತು. ನೀವು ತಪ್ಪು ಅಂದ್ರಲ್ಲ, ಅದಕ್ಕೆ."